ಕೈಯಲ್ಲಿ ಕಂಸಾಳೆ, ಬಾಯಲ್ಲಿ ಸಾಲು



ವಿಜಯದಶಮಿಯ ದಿನ ಮೈಸೂರು ಅರಮನೆಯಿಂದ ಹೊರಟ ಜಂಬೂ ಸವಾರಿ ಸಯ್ಯಾಜಿರಾವ್ ರಸ್ತೆ ಹಿಡಿದು ಸುಮಾರು ಐದು ಕಿಲೋಮೀಟರ್ ನಡೆದು ಬನ್ನಿಮಂಟಪ ಸೇರುತ್ತದೆ. ಬನ್ನಿಮಂಟಪಕ್ಕೆ ಹತ್ತಿರದ ಕೆಸರೆಯವರಿಗೆ ಅದು ಮನೆಯ ಪಕ್ಕದ ಸಂಗತಿ. ಆ ಮೆರವಣಿಗೆಯಲ್ಲಿ ಡೊಳ್ಳು, ವೀರಗಾಸೆ, ಪೂಜಾ ಕುಣಿತ, ಪಟದ ಕುಣಿತ, ಕಂಸಾಳೆ ಎಲ್ಲವೂ ಬರುತ್ತವೆ. ರಸ್ತೆ ಬದಿಯಲ್ಲಿ ನಿಂತವರಿಗೆ ಒಂದೊಂದು ತಂಡ ಕಾಣುವುದು ಒಂದೆರಡು ನಿಮಿಷ. ಹಿಂದಿನ ತಂಡ ಒತ್ತುತ್ತಿರುತ್ತದೆ, ಮುಂದಿನದು ಸರಿಯುತ್ತಿರುತ್ತದೆ. ಕಣ್ಣಿಗೆ ಹಬ್ಬ, ಸಂದೇಹವಿಲ್ಲ. ಕಿವಿಗೆ ಏನು ಸಿಕ್ಕಿತು ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಂಡಿಲ್ಲ. ಜನಪದ ಕುಣಿತವನ್ನು ರಂಗಕ್ಕೆ ತಂದು ಉಳಿಸುವುದು ಸಾಧ್ಯವೇ ಎಂಬ ಇಂದಿನ ವಿಚಾರವನ್ನು ನಾನು ಆ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಉದಾಹರಣೆಗೆ ಒಂದೇ ಕಲೆ ಸಾಕು, ನಮ್ಮ ಸೀಮೆಯದೇ ಆದ ಕಂಸಾಳೆ.

ಕಂಸಾಳೆ ಎಂದರೆ ಕಂಚಿನ ಜೋಡಿ ತಾಳ. ಎಡಗೈಯಲ್ಲಿ ಹಿಡಿಯುವುದು ಬಟ್ಟಲಿನಂತೆ ಗುಳಿಯಾದದ್ದು. ಬಲಗೈಯದು ಚಪ್ಪಟೆ ಬಿಲ್ಲೆ, ಅದರ ನಡುವಿನಿಂದ ಹೊರಟ ದಾರಕ್ಕೆ ಗೊಂಡೆ ಕಟ್ಟಿರುತ್ತದೆ. ಕೂತು ಹಾಡುವಾಗ ಬಿಲ್ಲೆ ಬಟ್ಟಲನ್ನು ಮೆಲ್ಲಗೆ ಮುಟ್ಟಿ ತಾಳ ಹಿಡಿಯುತ್ತದೆ. ಎದ್ದು ನಿಂತರೆ ಅದೇ ಬಿಲ್ಲೆ ದಾರದ ಉದ್ದಕ್ಕೂ ಹಾರಿ ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಕೆಳಗೆ ಸುತ್ತಿ ಬಂದು, ಲಯ ಒಂದಿಷ್ಟೂ ತಪ್ಪದೆ ಬಟ್ಟಲಿಗೆ ಬಡಿಯುತ್ತದೆ. ಇದೇ ಬೀಸು ಕಂಸಾಳೆ. ಕಲಾವಿದರು ಮಲೆ ಮಾದೇಶ್ವರನ ಹೆಸರಲ್ಲಿ ದೀಕ್ಷೆ ಪಡೆದ ದೇವರ ಗುಡ್ಡರು, ಹೆಚ್ಚಿನವರು ಹಾಲುಮತದವರು. ಮೈಸೂರು, ಮಂಡ್ಯ, ಚಾಮರಾಜನಗರ ಸೀಮೆಯ ಊರೂರು ತಿರುಗಿ ಭಿಕ್ಷೆ ಬೇಡುತ್ತ ಅವರು ಹಾಡಿಕೊಂಡು ಬಂದದ್ದು ಮಾದೇಶ್ವರನ ಕಾವ್ಯ. ಕಾವ್ಯದ ಒಂದೊಂದು ಭಾಗಕ್ಕೂ ‘ಸಾಲು’ ಎಂದು ಹೆಸರು: ಶ್ರವಣ ದೊರೆಯ ಸಾಲು, ಸಂಕಮ್ಮನ ಸಾಲು, ಬೇವಿನಹಟ್ಟಿ ಕಾಳಮ್ಮನ ಸಾಲು, ಇಕ್ಕೇರಿ ದೇವಮ್ಮನ ಸಾಲು, ಹೀಗೆ. ಮುಮ್ಮೇಳದವನು ಕಥೆ ಎತ್ತುತ್ತಾನೆ, ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ, ನಡುನಡುವೆ ಮಾತು ಬರುತ್ತದೆ. ರಾತ್ರಿ ಶುರುವಾದದ್ದು ಬೆಳಗಿಗೂ ಮುಗಿಯಬೇಕೆಂದಿಲ್ಲ.

ಈ ಕಲೆ ರಂಗಕ್ಕೆ ಬಂದಾಗ ರಂಗ ಆರಿಸಿಕೊಂಡದ್ದು ಬೀಸನ್ನು. ಅದು ಸಹಜವೇ. ಗಣರಾಜ್ಯೋತ್ಸವದ ಮೆರವಣಿಗೆ, ಯುವಜನೋತ್ಸವದ ಸ್ಪರ್ಧೆ, ಸರ್ಕಾರಿ ಸಮಾರಂಭದ ಸ್ವಾಗತ, ಎಲ್ಲ ಕಡೆಯೂ ಗಡಿಯಾರ ಮುಂದಿರುತ್ತದೆ. ಹತ್ತು ನಿಮಿಷದಲ್ಲಿ ಸಂಕಮ್ಮನ ಕಥೆ ಹೇಳಲಾಗದು. ಬಿಲ್ಲೆ ಹಾರಿಸಿ ಚಪ್ಪಾಳೆ ಗಿಟ್ಟಿಸಬಹುದು. 1996ರಲ್ಲಿ ಬಂದ ‘ಜನುಮದ ಜೋಡಿ’ ಚಿತ್ರ ಕಂಸಾಳೆಯನ್ನು ನಾಡಿನ ಮೂಲೆಮೂಲೆಗೆ ಮುಟ್ಟಿಸಿತು, ಅದಕ್ಕೆ ಕೃತಜ್ಞರಾಗಿರೋಣ. ಆದರೆ ಆಮೇಲೆ ಶಾಲಾ ವಾರ್ಷಿಕೋತ್ಸವಗಳಲ್ಲಿ ಕಂಸಾಳೆ ಎಂದರೆ ಧ್ವನಿಮುದ್ರಿತ ಹಾಡಿಗೆ ಹೆಜ್ಜೆ ಹಾಕುವುದು ಎಂಬಂತಾಯಿತು. ಹಾಡುವವನು ರಂಗದ ಮೂಲೆಗೆ ಸರಿದ, ಮೂಲೆಯಿಂದ ಪೆನ್‌ಡ್ರೈವ್‌ಗೆ ಸರಿದ.

ಹಾಡು ಹೋದರೇನು, ಕುಣಿತ ಉಳಿಯಿತಲ್ಲ ಎನ್ನಬಹುದು. ನನ್ನ ವಾದ ಇರುವುದೇ ಇಲ್ಲಿ: ಹಾಡು ಹೋದ ಮೇಲೆ ಕುಣಿತವೂ ಮೊದಲಿನದಾಗಿ ಉಳಿಯುವುದಿಲ್ಲ. ಬೀಸಿನ ನಡೆಯನ್ನು ತೀರ್ಮಾನಿಸುವುದು ಹಾಡು. ಸಂಕಮ್ಮನ ಸಾಲನ್ನೇ ನೋಡಿ. ಮಲೆಗೆ ಹೊರಟ ಗಂಡ ನೀಲೇಗೌಡ, ತಾನಿಲ್ಲದಾಗ ಶೀಲದಿಂದಿರುತ್ತೇನೆಂದು ಬಲಗೈ ಭಾಷೆ ಕೊಡು ಎಂದು ಹೆಂಡತಿಯನ್ನು ಪೀಡಿಸುತ್ತಾನೆ. ಅವಳು ಕೊಡುವುದಿಲ್ಲ. ಹಿಂಸೆಗೂ ಬಗ್ಗುವುದಿಲ್ಲ. ಆ ಮಾತಿನ ಜಗ್ಗಾಟದಲ್ಲಿ ತಾಳ ತಗ್ಗಬೇಕು, ಒಮ್ಮೊಮ್ಮೆ ನಿಂತೇಬಿಡಬೇಕು. ಮಾದೇಶ್ವರ ಹುಲಿಯೇರಿ ಎಪ್ಪತ್ತೇಳು ಮಲೆ ಸುತ್ತುವಾಗ ಅದೇ ತಾಳ ಏರಬೇಕು. ಏರು, ತಗ್ಗು, ನಿಲುಗಡೆ ಎಲ್ಲವೂ ಕಥೆ ಕೊಟ್ಟವು. ಕಥೆ ತೆಗೆದರೆ ಬೀಸಿಗೆ ಬೆಳೆಯಲು ಉಳಿಯುವ ದಾರಿ ಒಂದೇ, ವೇಗ. ವೇಗ ಮುಗಿದ ಮೇಲೆ ಸಾಹಸ: ಒಬ್ಬರ ಹೆಗಲ ಮೇಲೊಬ್ಬರು ನಿಂತು ಗೋಪುರ ಕಟ್ಟುವುದು. ಗೋಪುರ ಕಟ್ಟುವುದು ತಪ್ಪಲ್ಲ, ಕಲಾವಿದರ ಕಸುವಿಗೆ ಕೈಮುಗಿಯಬೇಕು. ಆದರೆ ಡೊಳ್ಳಿನವರೂ ಅದನ್ನೇ ಕಟ್ಟುತ್ತಾರೆ. ರಂಗದ ಮೇಲೆ ನಮ್ಮ ಕುಣಿತಗಳು ಒಂದನ್ನೊಂದು ಹೋಲತೊಡಗಿರುವುದಕ್ಕೆ ನನಗೆ ಕಾಣುವ ಮುಖ್ಯ ಕಾರಣ ಇದು.

ಇದು ನಮ್ಮೊಬ್ಬರ ಪಾಡಲ್ಲ. ನಮಗಿಂತ ಒಂದು ವರ್ಷ ಮೊದಲು, 1946ರಲ್ಲಿ, ಸ್ವತಂತ್ರವಾದ ಫಿಲಿಪ್ಪೀನ್ಸ್ ಇದೇ ದಾರಿಯಲ್ಲಿ ನಡೆದಿದೆ. ಫ್ರಾನ್ಸಿಸ್ಕಾ ರೇಯೆಸ್ ಅಕಿನೊ ಎಂಬ ವಿದುಷಿ 1920ರ ದಶಕದಿಂದಲೇ ಹಳ್ಳಿ ಸುತ್ತಿ ಕುಣಿತಗಳನ್ನು ಬರೆದಿಟ್ಟರು. 1957ರಲ್ಲಿ ಹೆಲೆನಾ ಬೆನಿಟೆಜ್ ‘ಬಯಾನಿಹಾನ್’ ತಂಡ ಕಟ್ಟಿದರು. ಮರುವರ್ಷವೇ ಅದು ಬ್ರಸೆಲ್ಸ್‌ನ ವಿಶ್ವಮೇಳದಲ್ಲಿ ಹೆಸರು ಮಾಡಿತು. ಮುಂದೆ ನಮ್ಮ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಸಂದ ಮ್ಯಾಗ್ಸೆಸೆ ಪ್ರಶಸ್ತಿ ಈ ತಂಡಕ್ಕೆ 1965ರಲ್ಲೇ ಸಂದಿತ್ತು. ಬಯಾನಿಹಾನ್‌ನ ಹೆಸರಾಂತ ಕುಣಿತಗಳಲ್ಲೊಂದು ‘ಸಿಂಗ್ಕಿಲ್’. ಅಡ್ಡಡ್ಡ ಬಡಿಯುವ ಬಿದಿರು ಗಳಗಳ ನಡುವೆ ಬೀಸಣಿಗೆ ಹಿಡಿದ ರಾಜಕುಮಾರಿ ಕಾಲು ಸಿಕ್ಕಿಸಿಕೊಳ್ಳದೆ ನಡೆಯುತ್ತಾಳೆ. ಮೂಲ ಮರನಾವೊ ಎಂಬ ಮುಸ್ಲಿಂ ಸಮುದಾಯದ್ದು, ರಂಗದಲ್ಲಿ ಅದನ್ನು ತೋರಿಸುವುದು ಅವರ ‘ದರಾಂಗನ್’ ಮಹಾಕಾವ್ಯದ ಪ್ರಸಂಗವೆಂದು. ಆ ಕಾವ್ಯದಲ್ಲಿ 17 ಕಾಂಡಗಳಿವೆ, 72,000 ಪಂಕ್ತಿಗಳಿವೆ. ಗಳಗಳ ನಡುವಿನ ನಡಿಗೆ ಲೋಕವೆಲ್ಲ ಸುತ್ತಿತು. ಕಾವ್ಯವನ್ನು ಮರೆಯಾಗದಂತೆ ಕಾಪಾಡಬೇಕಾದ ಮೌಖಿಕ ಪರಂಪರೆಯೆಂದು ಯುನೆಸ್ಕೊ 2005ರಲ್ಲಿ ಸಾರಬೇಕಾಯಿತು. ರಂಗ ಗೆದ್ದದ್ದರಿಂದ ಹಾಡು ತಾನಾಗಿ ಗೆಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಅದೇ ದೇಶದಲ್ಲಿ ರಾಮೋನ್ ಒಬುಸಾನ್ 1972ರಲ್ಲಿ ಬೇರೊಂದು ತಂಡ ಕಟ್ಟಿ, ಊರಿನವರು ಕುಣಿಯುವುದಕ್ಕೆ ಆದಷ್ಟು ಹತ್ತಿರವಾಗಿ ರಂಗಕ್ಕೆ ತರುತ್ತೇನೆಂದು ಹಟ ಹಿಡಿದರು. ಅವರಿಗೂ ರಾಷ್ಟ್ರೀಯ ಕಲಾವಿದ ಗೌರವ ದೊರೆಯಿತು. ಎರಡೂ ಬಗೆಗೆ ಆ ದೇಶದಲ್ಲಿ ಜಾಗವಿತ್ತು ಎಂಬುದು ಮುಖ್ಯ.

ಈಗ ಎದುರು ಮಾತುಗಳು. ದೀಕ್ಷೆ, ವ್ರತ, ಭಿಕ್ಷೆಗಳಿಗೆ ಸೇರಿದ ಕಲೆಯನ್ನು ರಂಗಕ್ಕೆ ತರುವುದೇ ತಪ್ಪು, ಅದು ಮಾದೇಶ್ವರ ಬೆಟ್ಟದ ಜಾತ್ರೆಯಲ್ಲೇ ಇರಲಿ ಎನ್ನುವವರಿದ್ದಾರೆ. ಈ ಮಾತಿನಲ್ಲಿ ಭಕ್ತಿಯಿದೆ, ಕಲಾವಿದನ ಹೊಟ್ಟೆಪಾಡಿನ ಯೋಚನೆಯಿಲ್ಲ. ಜೋಳಿಗೆಗೆ ರಾಗಿ ಬೀಳುತ್ತಿದ್ದ ಕಾಲದ ಏರ್ಪಾಡು ಇಂದು ಸಂಸಾರ ನಡೆಸುವುದಿಲ್ಲ. ಭಿಕ್ಷೆ ಬೇಡುವ ಗುಡ್ಡರ ಮನೆಯಲ್ಲಿ ಬೆಳೆದ ಹುಡುಗ ಸಂಭಾವನೆ ಪಡೆಯುವ ಕಲಾವಿದನಾಗಬೇಕೆಂದು ಬಯಸಿದರೆ ಬೇಡವೆನ್ನಲು ನಾವು ಯಾರು? ಗಂಡಸರದೇ ಆಗಿದ್ದ ಡೊಳ್ಳಿಗೆ ಇಂದು ಮಹಿಳಾ ತಂಡಗಳಿರುವುದೂ ರಂಗದ ಕೊಡುಗೆಯೇ. ಅದು ಪರಂಪರೆಯಲ್ಲ ಎನ್ನುವವರೊಂದಿಗೆ ನನಗೆ ಜಗಳವಾಡುವಷ್ಟು ತಾಳ್ಮೆಯಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಕಾವ್ಯ ಈಗಾಗಲೇ ಉಳಿದಿದೆಯಲ್ಲ? ಪಿ.ಕೆ. ರಾಜಶೇಖರ ಅವರು 1970ರ ದಶಕದಲ್ಲೇ ಸಂಗ್ರಹಿಸಿ ಅಚ್ಚು ಹಾಕಿಸಿದರು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠವನ್ನು ಹಂಪಿಯ ಕನ್ನಡ ವಿಶ್ವವಿದ್ಯಾಲಯ ಪ್ರಕಟಿಸಿತು, ಇಂಗ್ಲಿಷಿಗೂ ಅದು ಹೋಯಿತು. ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವೇ ಇದೆ. ನಿಜ, ಇವೆಲ್ಲ ದೊಡ್ಡ ಕೆಲಸಗಳು. ಆದರೆ ಪುಸ್ತಕ ಉಳಿಸುವುದು ಒಂದು ರಾತ್ರಿ ಹಾಡಿದ ಪಾಠವನ್ನು. ಅದೇ ಸಾಲನ್ನು ಎದುರಿಗೆ ಕೂತ ಹೆಂಗಸರ ಮುಖ ನೋಡಿ ಹಿಗ್ಗಿಸುವ, ಕುಗ್ಗಿಸುವ ಕಸುಬು ಗಾಯಕನ ಗಂಟಲಲ್ಲೇ ಇರಬೇಕು, ಗಂಟಲಿಂದ ಗಂಟಲಿಗೇ ದಾಟಬೇಕು. ಕೇಳುವವರಿಲ್ಲದೆ ಅದು ದಾಟದು.

ಇಡೀ ರಾತ್ರಿ ಕೂರುವವರು ಯಾರು ಎಂಬುದು ಉಳಿದ ಪ್ರಶ್ನೆ. ಅದಕ್ಕೆ ಉತ್ತರ, ನಮ್ಮ ಕರಾವಳಿಯಲ್ಲಿದೆ. ಬೆಳಗಿನವರೆಗೆ ನಡೆಯುತ್ತಿದ್ದ ಯಕ್ಷಗಾನ ಕಾಲಮಿತಿಗೆ ಒಗ್ಗಿಕೊಂಡಿತು. ಕಳೆದುಕೊಂಡದ್ದು ಇದೆ, ಆದರೆ ಹಾಡುವ ಭಾಗವತನನ್ನು ಕಳೆದುಕೊಳ್ಳಲಿಲ್ಲ, ಪ್ರಸಂಗವನ್ನು ಕಳೆದುಕೊಳ್ಳಲಿಲ್ಲ. ಶಿವರಾಮ ಕಾರಂತರು ಮಾತು ತೆಗೆದು ನೃತ್ಯರೂಪಕವಾಗಿ ಯಕ್ಷಗಾನ ಆಡಿಸಿದಾಗ ಅದನ್ನು ಜನ ಒಂದು ಪ್ರಯೋಗವೆಂದೇ ನೋಡಿದರು. ಮೂಲದ ಪಕ್ಕ ಅದು ನಿಂತಿತು, ಮೂಲದ ಜಾಗದಲ್ಲಿ ಕೂರಲಿಲ್ಲ. ಕಂಸಾಳೆಗೂ ಕಾಲಮಿತಿ ಇರಲಿ. ಇಡೀ ಕಾವ್ಯ ಬೇಡ, ಒಂದು ಸಾಲಿನ ಒಂದು ತುಂಡು ಸಾಕು. ಒಂದೂವರೆ ಗಂಟೆ ಕೊಟ್ಟರೆ ಸಂಕಮ್ಮ ರಂಗದ ಮೇಲೆ ಉಸಿರಾಡುತ್ತಾಳೆ.

ಕೆಸರೆಯ ಬೀದಿಗಳಲ್ಲಿ ಗಣಪತಿ ಕೂರಿಸುವವರು, ರಾಜ್ಯೋತ್ಸವ ಮಾಡುವವರು ಈ ಸಭೆಯಲ್ಲಿದ್ದೀರಿ. ನಿಮ್ಮಲ್ಲಿ ನನ್ನದೊಂದು ಕೋರಿಕೆ. ಮುಂದಿನ ಸಲ ಕಂಸಾಳೆ ತಂಡವನ್ನು ಕರೆಯುವಾಗ ಎಷ್ಟು ಜನ ಕುಣಿಯುತ್ತಾರೆ ಎಂದು ಕೇಳುವ ಮೊದಲು ಯಾವ ಸಾಲು ಹಾಡುತ್ತೀರಿ ಎಂದು ಕೇಳಿ. ಮೈಕನ್ನು ಹಾಡುವವನ ಮುಂದೆ ಇಡಿ, ಹಿಮ್ಮೇಳದವರಿಗೂ ಕುಣಿಯುವವರಷ್ಟೇ ಸಂಭಾವನೆ ಕೊಡಿ. ಅತಿಥಿಗಳ ಭಾಷಣ, ನನ್ನಂಥವರದೂ ಸೇರಿ, ಕಂಸಾಳೆ ಮುಗಿದ ಮೇಲಿರಲಿ.