ಕಳ್ಳನ ಮುಖ ಹೇಗಿರ್ತದೆ?

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಆಡಿದ ಮಾತಿನ ಬರಹರೂಪ)



ಮಾತಾಡೋಕೆ ಬನ್ನಿ ಅಂತ ಕರೆದಾಗ ನಾನು ಒಲ್ಲೆ ಅಂದೆ. ಮೂವತ್ತು ವರ್ಷ ಖಾಕಿ ತೊಟ್ಟವನು ಚಳವಳಿಯ ಸಭೆಯಲ್ಲಿ ನಿಂತು ಏನು ಹೇಳೋದು? ನಿಮ್ಮ ಮೆರವಣಿಗೆಯ ಪಕ್ಕದಲ್ಲಿ ಲಾಠಿ ಹಿಡಿದು ನಿಂತವನು ನಾನು. ಆದರೆ ನಿಮ್ಮಲ್ಲಿ ಬಹಳ ಜನ ಬೆಳಿಗ್ಗೆ ಎದ್ದು ಮೈದಾನ ಸುತ್ತಿ ಪೊಲೀಸ್ ಪರೀಕ್ಷೆಗೆ ತಯಾರಾಗ್ತಿದ್ದೀರಿ ಅಂತ ತಿಳೀತು. ಅದಕ್ಕೇ ಬಂದೆ.

ಒಂದು ಪ್ರಶ್ನೆ ಕೇಳ್ತೇನೆ. ಊರಲ್ಲಿ ಕಳವಾಯ್ತು. ಕದ್ದವನನ್ನು ಕಂಡವರಿಲ್ಲ. ಪೊಲೀಸರು ಮೊದಲು ಎಲ್ಲಿಗೆ ಹೋಗ್ತಾರೆ? ನಗ್ತೀರಿ, ಉತ್ತರ ನಿಮಗೆ ಗೊತ್ತು. ಕೇರಿಗೆ ಬರ್ತಾರೆ. ಇಲ್ಲ, ಊರಾಚೆ ಗುಡಾರ ಹಾಕಿಕೊಂಡವರ ಹತ್ತಿರ ಹೋಗ್ತಾರೆ.

ಯಾಕೆ ಹೀಗೆ? ಪೊಲೀಸರೆಲ್ಲ ಕೆಟ್ಟವರು ಅಂದುಬಿಟ್ಟರೆ ಮಾತು ಮುಗೀತು, ಆದರೆ ಕಾರಣ ಸಿಗಲಿಲ್ಲ. ಠಾಣೆಯ ಒಳಗೆ ಏನಾಗ್ತದೆ ಕೇಳಿ. ಮೇಲಧಿಕಾರಿಗಳು ಕ್ರೈಂ ಮೀಟಿಂಗ್ ಕರೀತಾರೆ. ಎಷ್ಟು ಕಳವು, ಎಷ್ಟು ಪತ್ತೆ, ಎಷ್ಟು ಮಾಲು ವಸೂಲಿ? ಲೆಕ್ಕ ಕಮ್ಮಿಯಾದರೆ ಇನ್ಸ್‌ಪೆಕ್ಟರಿಗೆ ಬೈಗಳು. ಅವರು ಎಸ್.ಐ.ಗೆ, ಎಸ್.ಐ. ನಮಗೆ. ನಾವು ಬಂದೋಬಸ್ತು, ಕೋರ್ಟು, ಸಮನ್ಸು, ರಾತ್ರಿ ಗಸ್ತು ಮುಗಿಸಿ ಬಂದವರು. ವಾರದ ರಜೆ ಕಾಗದದ ಮೇಲೆ. ಬೆರಳಚ್ಚು ಹುಡುಕು, ಸಾಕ್ಷಿ ಜೋಡಿಸು ಅಂದರೆ ದಿನಗಳು ಬೇಕು. ಹಳೇ ರಿಜಿಸ್ಟರು ತೆಗೆದು ನಾಲ್ಕು ಹೆಸರು ಓದಿ ನಾಲ್ಕು ಜನರನ್ನು ಎಳೆದು ತರೋಕೆ ಒಂದು ರಾತ್ರಿ ಸಾಕು.

ಆ ರಿಜಿಸ್ಟರಿನ ಬೇರು ಎಲ್ಲಿದೆ ನೋಡಿ. 1871ರಲ್ಲಿ ಬ್ರಿಟಿಷರು ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದರು. ಅದರ ಪ್ರಕಾರ ಕಳ್ಳತನ ಮಾಡಿದವನು ಮಾತ್ರ ಕಳ್ಳನಲ್ಲ. ಇಂಥ ಜಾತಿಯಲ್ಲಿ ಹುಟ್ಟಿದವನೇ ಕಳ್ಳ. ಹೆಸರು ಬರೆಸಬೇಕು, ಹಾಜರಿ ಹಾಕಬೇಕು, ಊರು ಬಿಡೋದಾದರೆ ಪಾಸು ಬೇಕು. 1911ರಲ್ಲಿ ಅದು ಇಡೀ ಬ್ರಿಟಿಷ್ ಇಂಡಿಯಾಕ್ಕೆ ಬಂತು. ನಮ್ಮ ಕಡೆ ಕೊರಮ, ಕೊರಚ, ಹರಣಶಿಕಾರಿ, ಘಂಟಿಚೋರ ಜನ ಇದಕ್ಕೆ ಸಿಕ್ಕಿದರು. ಒಂದು ಜಾತಿಯ ಹೆಸರಿಗೇ 'ಚೋರ' ಅಂಟಿಸಿದರೆ ಅದರಲ್ಲಿ ಹುಟ್ಟಿದ ಕೂಸು ಏನು ಮಾಡಬೇಕು? ಹುಬ್ಬಳ್ಳಿಯಲ್ಲಿ ತಂತಿಬೇಲಿ ಹಾಕಿ ಇವರನ್ನು ಕೂಡಿಟ್ಟ ಜಾಗಕ್ಕೆ ಈಗಲೂ ಸೆಟ್ಲಮೆಂಟ್ ಅಂತಲೇ ಹೆಸರು.

1952ರ ಆಗಸ್ಟ್ 31ಕ್ಕೆ ಆ ಕಾಯ್ದೆ ರದ್ದಾಯ್ತು. ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷ ಆದಮೇಲೆ ಇವರಿಗೆ ಬಂತು. ಬಂತೇ? ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯ್ದೆ ಮಾಡಿದವು. ನಮ್ಮಲ್ಲಿ ಅದು 1961ರದ್ದು. ಜಾತಿಯ ಹೆಸರು ಹೋಯ್ತು, ಪುಸ್ತಕ ಉಳೀತು. ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ 1998ರ ಫೆಬ್ರವರಿಯಲ್ಲಿ ಬುಧನ್ ಸಬರ ಅನ್ನೋ ಬಡವ ಪೊಲೀಸರ ವಶಕ್ಕೆ ಹೋದವನು ಜೀವಂತ ವಾಪಸು ಬರಲಿಲ್ಲ. ಅವನೂ ಇಂಥದೇ ಹಣೆಪಟ್ಟಿಯ ಜನಾಂಗದವನು. ಮಹಾಶ್ವೇತಾದೇವಿ ಮತ್ತು ಸಂಗಡಿಗರು ಹೈಕೋರ್ಟಿನ ತನಕ ಹೋದದ್ದಕ್ಕೆ ಸಿ.ಬಿ.ಐ. ತನಿಖೆಯಾಯ್ತು.

ಬಂಗಾಳದ ಮಾತು ಇರಲಿ. ನನ್ನದನ್ನೇ ಹೇಳ್ತೇನೆ. ನೌಕರಿಗೆ ಸೇರಿದ ಹೊಸತು. ಒಬ್ಬ ಸಾಹುಕಾರರ ಮನೆಯಲ್ಲಿ ಒಡವೆ ಹೋಯ್ತು. ರೈಟರು ರಿಜಿಸ್ಟರಿನಿಂದ ಹೆಸರು ಓದಿದರು. ಬುಟ್ಟಿ ಹೆಣೆಯೋ ಕೊರಮರ ಮುದುಕನ ಹೆಸರು ಇತ್ತು. ಮುದುಕ ಸತ್ತು ವರ್ಷಗಳಾಗಿದ್ದವು, ಮಗ ಇದ್ದ. ನಸುಕಿನಲ್ಲಿ ಹೋಗಿ ಆ ಹುಡುಗನ ರಟ್ಟೆ ಹಿಡಿದು ಜೀಪು ಹತ್ತಿಸಿದವನು ನಾನೇ. ಅವನ ತಾಯಿ ಜೀಪಿನ ಹಿಂದೆ ಓಡಿಬಂದು, "ನೀನೂ ನಮ್ಮಂಗೇ ಬಡವರ ಮಗ ಅಲ್ವೇನಪ್ಪ?" ಅಂದಳು. ನಾನು ಮುಖ ತಿರುಗಿಸಿದೆ. ಮೂರು ರಾತ್ರಿ ಅಂಗಾಲಿಗೆ ಹೊಡೆದರು. ನಾನು ಹೊಡೀಲಿಲ್ಲ, ಕಾಲು ಹಿಡಿದುಕೊಂಡಿದ್ದೆ. ಹೊಡೆದದ್ದಕ್ಕೂ ಹಿಡಿದದ್ದಕ್ಕೂ ಏನು ವ್ಯತ್ಯಾಸ ಅಂತ ಇವತ್ತಿಗೂ ನನಗೆ ತಿಳಿದಿಲ್ಲ. ಐದನೇ ದಿನ ಗೊತ್ತಾಯ್ತು, ಒಡವೆ ಒಯ್ದು ಅಡವಿಟ್ಟವನು ಸಾಹುಕಾರರ ಸ್ವಂತ ಅಳಿಯ. ಅವರು ಕೇಸು ಬೇಡ ಅಂದರು. ಹುಡುಗನನ್ನು ಹೋಗು ಅಂದೆವು. ಅವನನ್ನು ಹಿಡಿದದ್ದಕ್ಕೆ ಡೈರಿಯಲ್ಲಿ ಒಂದು ಸಾಲಿಲ್ಲ, ಬಿಟ್ಟದ್ದಕ್ಕೂ ಇಲ್ಲ. ಆದರೆ ಅಪ್ಪನ ಹೆಸರಿನ ಕೆಳಗೆ ಅವನ ಹೆಸರು ಸೇರಿತು.

ಕಳ್ಳನಿಗೆ ಬೇರೆ ಮುಖ ಇಲ್ಲ ಅಂತ ನಾನು ಕಲಿತದ್ದು ಹಾಗೆ.

ಹಾಗಾದರೆ ಅಪರಾಧಿಯನ್ನು ಗುರುತಿಸೋದು ಹೇಗೆ? ದಾರಿ ಇದೆ. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚು ಬ್ಯೂರೋ ಶುರುವಾಯ್ತು. ಅಚ್ಚುಗಳನ್ನು ವಿಂಗಡಿಸೋ ಲೆಕ್ಕ ಹಾಕಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್. ಹೆಸರು ಮಾತ್ರ ಮೇಲಧಿಕಾರಿ ಹೆನ್ರಿಯದಾಯ್ತು. ದುಡಿದವನೊಬ್ಬ, ಹೆಸರೊಬ್ಬನದು! ಇರಲಿ. ಬೆರಳಿನ ಗೆರೆಗೆ ಜಾತಿ ಗೊತ್ತಿಲ್ಲ. ಗುರುತು ಪರೇಡಿಗೂ ನಿಯಮ ಇದೆ: ಮ್ಯಾಜಿಸ್ಟ್ರೇಟರ ಮುಂದೆ, ಅದೇ ಥರದ ಹಲವರ ನಡುವೆ ನಿಲ್ಲಿಸಬೇಕು, ಮುಂಚೆಯೇ ಸಾಕ್ಷಿಗೆ ಆಳನ್ನು ತೋರಿಸಿದ್ದರೆ ಆ ಪರೇಡಿಗೆ ಬೆಲೆಯಿಲ್ಲ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಡೆಯೋದಿಲ್ಲ. ಆದರೆ ಆ ಮಾತಿನಿಂದ ಮಾಲು ಸಿಕ್ಕಿದರೆ ಅಷ್ಟು ಭಾಗ ನಡೀತದೆ. ಮಾಲಿಗಾಗಿ ಹೊಡೆಯೋದು ಇದಕ್ಕೇ.

2022ರ ಹೊಸ ಕಾಯ್ದೆಯಿಂದ ಬಂಧಿತರ ಬೆರಳಚ್ಚಿನ ಜೊತೆಗೆ ಕಣ್ಣಿನ ಪಾಪೆಯ ಗುರುತನ್ನೂ ತೆಗೆದು 75 ವರ್ಷ ಇಟ್ಟುಕೊಳ್ಳಬಹುದು. ಯಂತ್ರ ಹೊಸದು ಅಂತ ಹಿಗ್ಗಬೇಡಿ. ಯಾರನ್ನು ಹಿಡಿದು ತರ್ತಾರೋ ಅವರ ಗುರುತೇ ಅದರೊಳಗೆ ತುಂಬೋದು. 1977ರಲ್ಲಿ ನೇಮಕವಾದ ರಾಷ್ಟ್ರೀಯ ಪೊಲೀಸ್ ಆಯೋಗವೇ ನೂರಕ್ಕೆ ಸುಮಾರು 60 ಬಂಧನ ಅನಗತ್ಯ ಇಲ್ಲವೆ ಅನ್ಯಾಯದವು ಅಂದಿತ್ತು. 2022ರಲ್ಲಿ ಜೈಲಿನಲ್ಲಿದ್ದ ನಾಲ್ವರಲ್ಲಿ ಮೂವರು ಇನ್ನೂ ವಿಚಾರಣೆ ಮುಗಿಯದವರು.

ಸುಪ್ರೀಂ ಕೋರ್ಟು 2024ರಲ್ಲಿ ಎರಡು ಸಲ ಈ ಮಾತಾಡಿದೆ. ಹಿಂದುಳಿದ, ಪರಿಶಿಷ್ಟ ಜನರ ಹೆಸರಿನಲ್ಲಿ ಯಾಂತ್ರಿಕವಾಗಿ ಹಿಸ್ಟರಿ ಶೀಟು ತೆರೆಯಬಾರದು ಅಂತ ಮೇ ತಿಂಗಳಲ್ಲಿ. ಜೈಲು ರಿಜಿಸ್ಟರುಗಳಿಂದ ಜಾತಿಯ ಕಾಲಂ ಅಳಿಸಿ, ವಿಮುಕ್ತ ಬುಡಕಟ್ಟಿನವರನ್ನು ಮನಸ್ಸಿಗೆ ಬಂದಂತೆ ಹಿಡಿಯಬೇಡಿ ಅಂತ ಅಕ್ಟೋಬರ್ 3ರಂದು. ತೀರ್ಪು ದಿಲ್ಲಿಯಲ್ಲಿ ಬರ್ತದೆ. ಅದನ್ನು ಠಾಣೆಯ ಮೆಟ್ಟಿಲಿಗೆ ತರಬೇಕಾದವರು ನೀವು.

ಇಷ್ಟು ಬರೆದುಕೊಳ್ಳಿ. ಕೇರಿಯಲ್ಲಿ ಯಾರನ್ನಾದರೂ ಹಿಡಿದರೆ ಕಾರಣ ಕೇಳಿ. ಬಂಧನದ ಮೆಮೊ ಬರೆದು ಮನೆಯವರು ಇಲ್ಲವೆ ಊರಿನವರೊಬ್ಬರ ಸಹಿ ಹಾಕಿಸಬೇಕು, ಮನೆಗೆ ತಿಳಿಸಬೇಕು. ದಾರಿಯ ಹೊತ್ತು ಬಿಟ್ಟು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಹೊತ್ತು ಮುಳುಗಿದ ಮೇಲೆ ಹೆಂಗಸರನ್ನು ಸುಮ್ಮನೆ ಬಂಧಿಸುವಂತಿಲ್ಲ. ವಕೀಲರಿಗೆ ದುಡ್ಡಿಲ್ಲ ಅಂದರೆ 15100ಕ್ಕೆ ಫೋನು ಮಾಡಿ. ಉಚಿತ ಕಾನೂನು ನೆರವು ನಿಮ್ಮ ಹಕ್ಕು, ಭಿಕ್ಷೆಯಲ್ಲ. ಒಬ್ಬರೇ ಹೋಗಬೇಡಿ, ಹತ್ತು ಜನ ಹೋಗಿ. ಕೂಗಾಡಬೇಡಿ, ಹಿಡಿದ ಹೊತ್ತು ಬರೆದಿಡಿ. ಬರೆದಿಟ್ಟ ಹೊತ್ತಿಗೆ ಠಾಣೆ ಹೆದರೋ ಹಾಗೆ ಘೋಷಣೆಗೆ ಹೆದರೋದಿಲ್ಲ.

ಇನ್ನು ಖಾಕಿ ತೊಡೋ ತಮ್ಮಂದಿರೆ, ತೊಡಿ. ಬೇಡ ಅನ್ನೋದಿಲ್ಲ. ಬಾಬಾಸಾಹೇಬರು ಬರೆದ ಸಂವಿಧಾನದಿಂದ ಬಂದ ನೌಕರಿ ಅದು. ಆದರೆ ಒಂದು ನಸುಕಿನಲ್ಲಿ ನಿಮ್ಮ ಕೈಗೂ ಒಂದು ಹೆಸರಿನ ಚೀಟಿ ಕೊಡ್ತಾರೆ. ಆಗ ಒಂದೇ ಮಾತು ಕೇಳಿ: "ಸಾರ್, ಇವನ ಮೇಲೆ ಸಾಕ್ಷಿ ಏನಿದೆ?" ಬೈತಾರೆ, ದೂರದೂರಿಗೆ ವರ್ಗ ಮಾಡ್ತಾರೆ. ಮಾಡಲಿ. ನಾನು ಕೇಳಲಿಲ್ಲ. ಆ ತಾಯಿಗೆ ಕೊಡಬೇಕಾಗಿದ್ದ ಉತ್ತರ ಇವತ್ತು ನಿಮ್ಮ ಮುಂದೆ ಕೊಡ್ತಿದ್ದೇನೆ: ಹೌದವ್ವ, ನಾನೂ ನಿಮ್ಮಂಗೇ ಬಡವರ ಮಗ.

ಜೈಭೀಮ್.