ಎಣಿಕೆಯೂ ಒಂದು ಧರ್ಮಕಾರ್ಯ: ಐರ್ಲೆಂಡಿನ ಸಮಾಜ ಸಂಶೋಧನೆಯ ಪಾಠ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ವಿಚಾರಗೋಷ್ಠಿಯಲ್ಲಿ ನಮ್ಮ ವಿಚಾರಣಾ ಗುರುಗಳು ನೀಡಿದ ಉಪನ್ಯಾಸ)



ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ಹಿರಿಯರ ತ್ಯಾಗವನ್ನು ನೆನೆದು ದೇವರಿಗೆ ಕೃತಜ್ಞತೆ ಸಲ್ಲಿಸುವುದು ಯುಕ್ತವಾದುದೇ. ಆದರೆ ಇಷ್ಟು ವಯಸ್ಸಾದ ಧರ್ಮಕೇಂದ್ರವು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು. ನಮ್ಮ ಜನರು ನಿಜವಾಗಿ ಹೇಗೆ ಬದುಕುತ್ತಿದ್ದಾರೆಂಬುದನ್ನು ನಾವು ಬಲ್ಲೆವೇ? ಈ ಪ್ರಶ್ನೆಯ ವಿಚಾರಕ್ಕಾಗಿ ನಾನು ಐರ್ಲೆಂಡ್ ದೇಶದ ನಿದರ್ಶನವನ್ನು ಆರಿಸಿಕೊಂಡಿದ್ದೇನೆ. ವಿಸ್ತೀರ್ಣದಲ್ಲಿ ಅದು ನಮ್ಮ ರಾಜ್ಯದ ಅರ್ಧಕ್ಕೂ ಕಡಿಮೆ. ಆದರೆ ಅಲ್ಲಿಂದ ಹೊರಟ ಕನ್ಯಾಸ್ತ್ರೀಯರು 1840ರ ದಶಕದ ಆರಂಭದಲ್ಲಿಯೇ ಮದರಾಸು, ಕಲ್ಕತ್ತೆಗಳಿಗೆ ಬಂದು ನಮ್ಮ ನಾಡಿನ ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸಿದರು. ಆ ಋಣ ನಮ್ಮ ಮೇಲಿದೆ.

ಕಳೆದುಹೋದ ಕುರಿಯ ಸಾಮತಿಯನ್ನು ನಾವೆಲ್ಲರೂ ಬಲ್ಲೆವು. ಕುರಿಗಾಹಿಯು ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಅರಸಿಹೋದ ಪ್ರೀತಿಯನ್ನು ಕೊಂಡಾಡುತ್ತೇವೆ. ಆದರೆ ನೂರರಲ್ಲಿ ಒಂದು ಇಲ್ಲವೆಂದು ಅವನಿಗೆ ತಿಳಿದುದು ಹೇಗೆ? ಅವನು ಎಣಿಸಿದ್ದನು. ಎಣಿಸದ ಕುರಿಗಾಹಿಗೆ ಹಿಂಡು ಸಂಜೆಯ ಮಬ್ಬಿನಲ್ಲಿ ತುಂಬಿದಂತೆಯೇ ಕಾಣುತ್ತದೆ. ಅರಸನಾದ ದಾವೀದನೂ ಜನರನ್ನು ಎಣಿಸಿದನು. ಅದು ದೇವರಿಗೆ ಮೆಚ್ಚುಗೆಯಾಗಲಿಲ್ಲ. ಆದುದರಿಂದ ಎಣಿಕೆಯಲ್ಲಿ ಎರಡು ಬಗೆ: ಇರುವವರನ್ನು ಲೆಕ್ಕಹಾಕಿ ಬೀಗುವುದೊಂದು, ಇಲ್ಲದವರನ್ನು ಕಂಡುಹಿಡಿದು ಹೊರಡುವುದು ಇನ್ನೊಂದು. ಐರ್ಲೆಂಡಿನ ಕಥೆಯಲ್ಲಿ ಇವೆರಡೂ ಇವೆ.

1841ರ ಜನಗಣತಿಯಂತೆ ಆ ದ್ವೀಪದಲ್ಲಿ 80 ಲಕ್ಷಕ್ಕೂ ಮಿಕ್ಕ ಜನರಿದ್ದರು. 1845ರಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿತು. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನರು ಹಸಿವಿನಿಂದಲೂ ಜ್ವರದಿಂದಲೂ ಸತ್ತರು. ಹೆಚ್ಚುಕಡಿಮೆ ಅಷ್ಟೇ ಜನರು ಹಡಗು ಹತ್ತಿದರು. 1922ರಲ್ಲಿ ಸ್ವಂತ ಸರಕಾರ ಬಂದರೂ ವಲಸೆ ನಿಲ್ಲಲಿಲ್ಲ. 1950ರ ದಶಕವೊಂದರಲ್ಲೇ ಸುಮಾರು 4 ಲಕ್ಷ ಜನರು, ಬಹುಮಟ್ಟಿಗೆ ಯುವಕ ಯುವತಿಯರು, ದೇಶ ಬಿಟ್ಟರು. 1961ರಲ್ಲಿ ಗಣರಾಜ್ಯದಲ್ಲಿ ಉಳಿದವರು 28 ಲಕ್ಷ. ಹಳ್ಳಿಯ ಮನೆಗಳಿಗೆ ಬೀಗ ಬಿದ್ದಿತು. ಇಂಗ್ಲೆಂಡಿನಿಂದ ಬರುವ ಮನಿಯಾರ್ಡರನ್ನು ಕಾಯುವುದು ಮುದುಕ ತಂದೆತಾಯಿಗಳ ಪಾಡಾಯಿತು. ಇದು ದೇವರ ಚಿತ್ತವೆಂದು ಕೆಲವರು, ಯುವಜನರ ಚಪಲವೆಂದು ಕೆಲವರು ಹೇಳುತ್ತಿದ್ದರು.

ಹೀಗೆ ಹೇಳಿ ಸುಮ್ಮನಿರಲು ಒಪ್ಪದವರೂ ಇದ್ದರು. ಹಣಕಾಸು ಇಲಾಖೆಯ ಕಾರ್ಯದರ್ಶಿ ಟಿ. ಕೆ. ವಿಟಕರ್ 1958ರಲ್ಲಿ ದೇಶದ ಆರ್ಥಿಕ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ವಿವರಿಸಿ ಒಂದು ದೀರ್ಘ ವರದಿ ಬರೆದರು. ಗೋಡೆ ಕಟ್ಟಿ ಕುಳಿತರೆ ದೇಶ ಉಳಿಯದು, ಉತ್ಪಾದನೆಗೂ ರಫ್ತಿಗೂ ಬಂಡವಾಳ ಹೂಡಬೇಕು ಎಂಬುದು ಅದರ ಸಾರ. ಆದರೆ ಯೋಜನೆ ಹಾಕಲು ಅಂಕಿಅಂಶ ಬೇಕು. ಸರಕಾರದ ಮುಖ ನೋಡದೆ ಸತ್ಯ ಹೇಳುವ ಪಂಡಿತರೂ ಬೇಕು. ಅದಕ್ಕಾಗಿ 1960ರಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಡಬ್ಲಿನ್ ನಗರದಲ್ಲಿ ಆರ್ಥಿಕ ಸಂಶೋಧನ ಸಂಸ್ಥೆಯೊಂದು ಸ್ಥಾಪನೆಯಾಯಿತು. ಪ್ರಸಿದ್ಧ ಸಂಖ್ಯಾಶಾಸ್ತ್ರಜ್ಞ ಆರ್. ಸಿ. ಗಿಯರಿ ಅದರ ಮೊದಲ ನಿರ್ದೇಶಕರು. ಬೆಲೆ, ಕೂಲಿ, ರಫ್ತುಗಳನ್ನು ಮಾತ್ರ ಅಳೆದರೆ ಮನುಷ್ಯನ ಬಾಳನ್ನು ಅಳೆದಂತಾಗದೆಂದು ಕಂಡು 1966ರಲ್ಲಿ ಅದರ ಹೆಸರಿಗೂ ಕಾರ್ಯಕ್ಕೂ 'ಸಾಮಾಜಿಕ' ಎಂಬ ಪದ ಸೇರಿತು. ಅಂದಿನ ಆ ಆರ್ಥಿಕ ಮತ್ತು ಸಾಮಾಜಿಕ ಸಂಶೋಧನ ಸಂಸ್ಥೆಯು ಇಂದಿಗೂ ಕೆಲಸ ಮಾಡುತ್ತಿದೆ.

ಧರ್ಮಸಭೆಯೂ ಈ ಕಾರ್ಯದಲ್ಲಿ ಹಿಂದೆ ಬಿದ್ದಿರಲಿಲ್ಲ. ಫಾದರ್ ಜಾನ್ ಹೇಯ್ಸ್ ಕಟ್ಟಿದ ಗ್ರಾಮೋದ್ಧಾರ ಸಂಘವು 1958ರಿಂದ ಲಿಮರಿಕ್ ಜಿಲ್ಲೆಯ ಹಳ್ಳಿಗಳ ಸಮೀಕ್ಷೆ ನಡೆಸಿತು. ಅದನ್ನು ಸಂಪಾದಿಸಿದ ಗುರು ಜೆರೆಮಾಯಾ ನ್ಯೂಮನ್ ಮುಂದೆ ಲಿಮರಿಕ್ಕಿನ ಬಿಷಪರಾದರು. ಡೊನೆಗಾಲ್ ಪ್ರಾಂತದ ಗ್ಲೆನ್‌ಕೊಲಂಕಿಲ್ ಎಂಬ ಬಡ ಕಣಿವೆಗೆ 1951ರಲ್ಲಿ ಬಂದ ಫಾದರ್ ಜೇಮ್ಸ್ ಮೆಕ್‌ಡಯರ್ ವಲಸೆಯನ್ನು ಬೋಧನೆಯಿಂದ ತಡೆಯಲಾಗದೆಂದು ಅರಿತು, ಜನರೊಂದಿಗೆ ಸಹಕಾರಿ ಸಂಘ ಕಟ್ಟಿ ತರಕಾರಿ ಸಂಸ್ಕರಣದ ಕಾರ್ಖಾನೆ ತೆರೆದರು. ನೋಡು, ವಿವೇಚಿಸು, ಕಾರ್ಯವೆಸಗು ಎಂಬ ಮೂರು ಹೆಜ್ಜೆಗಳನ್ನು ಜಗದ್ಗುರು ಇಪ್ಪತ್ತಮೂರನೆಯ ಯೊವಾನ್ನರು 1961ರ ತಮ್ಮ ವಿಶ್ವಪತ್ರದಲ್ಲಿ ಸೂಚಿಸಿದ್ದರು. ಮೊದಲ ಹೆಜ್ಜೆ ನೋಡುವುದು ಎಂಬುದನ್ನು ನಾವು ಮರೆಯಬಾರದು.

ನೋಡಿದ್ದರಿಂದ ಏನಾಯಿತು? 1962ರಲ್ಲಿ ಶಿಕ್ಷಣದ ಬಗ್ಗೆ ಒಂದು ವಿಸ್ತಾರವಾದ ಅಧ್ಯಯನ ಆರಂಭವಾಗಿ 1965ರಲ್ಲಿ ಪ್ರಕಟವಾಯಿತು. ಮಗುವಿನ ಓದು ಅದರ ಬುದ್ಧಿಗಿಂತ ಹೆಚ್ಚಾಗಿ ತಂದೆಯ ಕಸುಬನ್ನೂ ಮನೆಯಿರುವ ಊರನ್ನೂ ಅವಲಂಬಿಸಿದೆಯೆಂದು ಅದು ಅಂಕಿಗಳಿಂದ ತೋರಿಸಿತು. ಮರುವರ್ಷವೇ ಶಿಕ್ಷಣ ಮಂತ್ರಿ ಡೊನಾ ಒ'ಮ್ಯಾಲಿ ಪ್ರೌಢ ಶಿಕ್ಷಣವನ್ನು ಉಚಿತಗೊಳಿಸುವುದಾಗಿ ಘೋಷಿಸಿದರು. 1967ರಲ್ಲಿ ಅದು ಜಾರಿಗೆ ಬಂದಿತು. ದೂರದ ಮಕ್ಕಳಿಗೆ ಬಸ್ಸುಗಳೂ ಬಂದವು.

ಅಂತೆಯೇ 1971ರಲ್ಲಿ ಕಿಲ್ಕೆನ್ನಿಯಲ್ಲಿ ಬಿಷಪರ ಸಮಾಜ ಕಲ್ಯಾಣ ಮಂಡಳಿಯು ಬಡತನದ ಬಗ್ಗೆ ಒಂದು ಸಮ್ಮೇಳನ ನಡೆಸಿತು. ಜನಸಂಖ್ಯೆಯ ಐದರಲ್ಲಿ ಒಂದು ಪಾಲಾದರೂ ಬಡತನದಲ್ಲಿದೆಯೆಂದು ಅಲ್ಲಿ ಹೇಳಿದಾಗ ಹಲವರು ಬೆಚ್ಚಿದರು. 1987ರಲ್ಲಿ ಡಬ್ಲಿನ್ನಿನ ಸಂಸ್ಥೆಯು 3,000ಕ್ಕೂ ಹೆಚ್ಚು ಮನೆಗಳ ಸಮೀಕ್ಷೆ ನಡೆಸಿತು. ಅಲ್ಲಿ ಕೇಳಿದ ಪ್ರಶ್ನೆಗಳನ್ನು ಗಮನಿಸಿರಿ: ಮಳೆಗೆ ತಡೆಯುವ ಬೆಚ್ಚನೆಯ ಕೋಟು ನಿಮಗಿದೆಯೇ? ಎರಡು ಜೊತೆ ಪಾದರಕ್ಷೆಗಳಿವೆಯೇ? ಮನೆಯನ್ನು ಬೆಚ್ಚಗಿಡಲು ಸಾಧ್ಯವೇ? ವರಮಾನವೂ ಕಡಿಮೆ, ಇಂಥ ಅಗತ್ಯಗಳೂ ಇಲ್ಲ ಎಂಬ ಎರಡೂ ಕೂಡಿದ ಸ್ಥಿತಿಯನ್ನು ಅವರು ಬಡತನದ ಅಳತೆಗೋಲಾಗಿ ಮಾಡಿಕೊಂಡರು. 1997ರಲ್ಲಿ ಸರಕಾರವು ತನ್ನ ಬಡತನ ನಿವಾರಣ ಯೋಜನೆಯ ಗುರಿಯನ್ನು ಇದೇ ಅಳತೆಗೋಲಿನಿಂದ ಗೊತ್ತುಪಡಿಸಿತು. ಉಡಲಿಲ್ಲದವನಿಗೆ ಉಡಿಸುವ ಕರುಣೆಯ ಕಾರ್ಯವು ಒಂದು ರಾಷ್ಟ್ರದ ನೀತಿಯಾದುದು ಹೀಗೆ.

ಇನ್ನು ನೋವಿನ ಸಂಗತಿಗೆ ಬರುತ್ತೇನೆ. ಶತಮಾನೋತ್ಸವದ ವೇದಿಕೆಯಲ್ಲಿ ಇದು ಬೇಡವಾಗಿತ್ತೆಂದು ಕೆಲವರಿಗೆ ಅನಿಸಬಹುದು. ಆದರೆ ಸಂಭ್ರಮಿಸುವ ಧರ್ಮಸಭೆಗೇ ಇದನ್ನು ಹೇಳಬೇಕಾಗಿದೆ. 1973–74ರ ಸಮೀಕ್ಷೆಯಲ್ಲಿ ಐರ್ಲೆಂಡಿನ ಕಥೋಲಿಕರಲ್ಲಿ ನೂರಕ್ಕೆ 91 ಮಂದಿ ವಾರವಾರವೂ ಬಲಿಪೂಜೆಗೆ ಬರುವವರೆಂದು ಕಂಡುಬಂದಿತು. ಇಡೀ ಜಗತ್ತೇ ಅಚ್ಚರಿಪಟ್ಟ ಎಣಿಕೆಯದು. ಅದೇ ನಾಡಿನಲ್ಲಿ ಅವಿವಾಹಿತ ತಾಯಂದಿರನ್ನೂ ಅವರ ಕೂಸುಗಳನ್ನೂ ಇರಿಸುತ್ತಿದ್ದ ಆಶ್ರಮಗಳಿದ್ದವು. ಹಲವನ್ನು ಧಾರ್ಮಿಕ ಸಭೆಗಳೇ ನಡೆಸುತ್ತಿದ್ದವು. ಆ ಕೂಸುಗಳನ್ನು ಯಾರೂ ಎಣಿಸಲಿಲ್ಲ. ಟ್ಯೂಮ್ ಪಟ್ಟಣದ ಕ್ಯಾಥರೀನ್ ಕಾರ್ಲೆಸ್ ಎಂಬ ಹವ್ಯಾಸಿ ಇತಿಹಾಸಕಾರ್ತಿ ಅಲ್ಲಿ 1961ರಲ್ಲಿ ಮುಚ್ಚಿದ ಆಶ್ರಮದ ಮಕ್ಕಳ ಮರಣಪತ್ರಗಳನ್ನು ಒಂದೊಂದಾಗಿ ಕೇಳಿ ಪಡೆದರು. ಒಟ್ಟು 796. ಹೂಳಿದ ದಾಖಲೆ ಮಾತ್ರ ಸಿಗಲಿಲ್ಲ. ಸರಕಾರ ನೇಮಿಸಿದ ಆಯೋಗವು 2021ರಲ್ಲಿ ಕೊಟ್ಟ ವರದಿಯಂತೆ, ತಾನು ತನಿಖೆ ನಡೆಸಿದ 18 ಸಂಸ್ಥೆಗಳಲ್ಲಿ ಸತ್ತ ಮಕ್ಕಳು ಸುಮಾರು 9,000. ಟ್ಯೂಮಿನಲ್ಲಿ 2025ರಲ್ಲಿ ಉತ್ಖನನ ಆರಂಭವಾಯಿತು.

ಪ್ರಿಯರೇ, ಪೀಠದ ಮುಂದೆ ತುಂಬಿದ್ದ ಜನರನ್ನು ಎಣಿಸಿದವರು ಗೋಡೆಯಾಚೆಯ ಕೂಸುಗಳನ್ನು ಎಣಿಸಲಿಲ್ಲ. ಸಂಖ್ಯೆಯಿಂದ ಬೀಗುವುದೆಂದರೆ ಇದೇ. ಈ ಸತ್ಯ ಹೊರಬಂದುದು ಧರ್ಮಸಭೆಯ ಶತ್ರುಗಳ ಹುನ್ನಾರವೆಂದು ಹೇಳುವವರಿಗೆ ನನ್ನ ಉತ್ತರವಿಷ್ಟೇ: ಒಬ್ಬ ಮಹಿಳೆ 796 ಹೆಸರುಗಳನ್ನು ಬರೆದಿಟ್ಟಳು, ಒಳ್ಳೆಯ ಕುರಿಗಾಹಿಯು ತನ್ನ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ.

ಇಂದಿನ ಐರ್ಲೆಂಡ್ ಬೇರೆಯೇ ಆಗಿದೆ. 2022ರ ಗಣತಿಯಲ್ಲಿ ಗಣರಾಜ್ಯದ ಜನಸಂಖ್ಯೆ 1851ರ ತರುವಾಯ ಮೊದಲ ಬಾರಿಗೆ 50 ಲಕ್ಷ ದಾಟಿತು. ತನ್ನ ಮಕ್ಕಳನ್ನು ಹೊರಗೆ ಕಳುಹುತ್ತಿದ್ದ ದೇಶಕ್ಕೆ ಈಗ ಅನ್ಯರ ಮಕ್ಕಳು ಬರುತ್ತಿದ್ದಾರೆ. ಅದೇ ಗಣತಿಯಂತೆ ಅಲ್ಲಿ 45,000ಕ್ಕೂ ಹೆಚ್ಚು ಭಾರತೀಯ ಪೌರರಿದ್ದಾರೆ. ಆಸ್ಪತ್ರೆಗಳಲ್ಲಿ ರೋಗಿಗಳ ಶುಶ್ರೂಷೆ ಮಾಡುವವರಲ್ಲಿ ನಮ್ಮ ಕಡೆಯ ಹೆಣ್ಣುಮಕ್ಕಳೂ ಇದ್ದಾರೆ. ಅಲ್ಲಿನ ಹಳ್ಳಿಗಳ ಹಿಂದಿನ ಪಾಡು ಈಗ ನಮ್ಮ ಮನೆಗಳ ಪಾಡಾಗುತ್ತಿರುವುದನ್ನು ನೀವು ಬಲ್ಲಿರಿ.

ಆದುದರಿಂದ ಈ ಶತಮಾನೋತ್ಸವದ ಸ್ಮಾರಕವಾಗಿ ನನ್ನದೊಂದು ಕೋರಿಕೆ. ನಮ್ಮ ದೀಕ್ಷಾಸ್ನಾನದ ದಫ್ತರಗಳಲ್ಲಿ ನೂರು ವರ್ಷಗಳ ಹೆಸರುಗಳಿವೆ. ಧರ್ಮಕೇಂದ್ರದ ಪಾಲನಾ ಮಂಡಳಿಯೂ ಸಂತ ವಿನ್ಸೆಂಟ್ ದೆ ಪಾಲ್ ಸಭೆಯವರೂ ಯುವಜನರೂ ಕೂಡಿ ಪ್ರತಿಯೊಂದು ಮನೆಗೂ ಹೋಗಲಿ. ಒಂಟಿಯಾಗಿರುವ ವೃದ್ಧರು ಯಾರು, ಶಾಲೆ ಬಿಟ್ಟ ಮಕ್ಕಳು ಯಾರು, ಸಾಲದಲ್ಲಿ ಸಿಕ್ಕಿದವರು ಯಾರು, ನಾಚಿಕೆಯಿಂದ ದೇವಾಲಯಕ್ಕೆ ಬಾರದವರು ಯಾರು ಎಂಬುದನ್ನು ತಿಳಿಯಲಿ. ತಿಳಿದುದನ್ನು ಬೀದಿಯ ಮಾತಾಗಿಸದೆ ಗುಟ್ಟಾಗಿಡಲಿ. ಹಾಗೆ ತಿಳಿದ ಮೇಲೆ ಸುಮ್ಮನೆ ಕೂರಲು ನಮ್ಮ ಅಂತಃಸಾಕ್ಷಿ ಬಿಡಲಾರದು. ಗೋಪುರ ಕಟ್ಟುವವನು ಮೊದಲು ಕುಳಿತು ಲೆಕ್ಕ ಹಾಕಬೇಕೆಂದು ಪ್ರಭುವೇ ಬೋಧಿಸಿದ್ದಾನೆ. ನಮ್ಮ ಹಿರಿಯರು ಕಲ್ಲಿನ ಗೋಪುರ ಕಟ್ಟಿ ಮುಗಿಸಿದ್ದಾರೆ. ಎರಡನೆಯ ಶತಮಾನದ ಕೆಲಸ ನಮ್ಮದು.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.