ಕಲ್ಲು ಒಡೆಯುವ ಬಗೆ



ಮೂಕಂಡಪಲ್ಲಿಯ ಮಕ್ಕಳಿಗೆ ಕಲ್ಲು ಅಪರಿಚಿತವಲ್ಲ. ಹೊಸೂರಿನ ಚಂದ್ರಚೂಡೇಶ್ವರ ಬೆಟ್ಟವನ್ನು ಅವರು ಬಲ್ಲರು. ಕೃಷ್ಣಗಿರಿ ಜಿಲ್ಲೆಯ ಗ್ರಾನೈಟ್ ದೂರದ ದೇಶಗಳಿಗೂ ಹೋಗುತ್ತದೆ. ಆ ಕಲ್ಲು ಹೇಗೆ ಒಡೆಯುತ್ತದೆಂಬುದನ್ನು ತಿಳಿಸುವುದು ತರಗತಿಯ ಕೆಲಸ.

ಗ್ರಾನೈಟ್ ಸಾಮಾನ್ಯವಾಗಿ ಚದರ ಸೆಂಟಿಮೀಟರಿಗೆ 1000 ಕಿಲೋಗ್ರಾಮಿಗೂ ಮೀರಿದ ಒತ್ತಡವನ್ನು ತಾಳುತ್ತದೆ. ಎಳೆತವನ್ನಾದರೋ ಅದರ ಸುಮಾರು ಹತ್ತರಲ್ಲೊಂದು ಪಾಲಿನಷ್ಟು ಮಾತ್ರ. ಕಾರಣವನ್ನು 1921ರಲ್ಲಿ ಎ. ಎ. ಗ್ರಿಫಿತ್ ಗಾಜಿನ ಪರೀಕ್ಷೆಯಿಂದ ತೋರಿಸಿದರು: ವಸ್ತುವಿನೊಳಗಿನ ಸೂಕ್ಷ್ಮ ಬಿರುಕುಗಳ ತುದಿಯಲ್ಲಿ ಎಳೆತ ಸಾಂದ್ರಗೊಂಡು ಅವು ಬಾಯ್ದೆರೆಯುತ್ತವೆ.

ಕಲ್ಲುಕುಟಿಗರು ಇದನ್ನು ಅನುಭವದಿಂದ ಅರಿತವರು. ಸಾಲಾಗಿ ಕುಳಿ ಕೊರೆದು, ಬೆಣೆಗಳನ್ನಿಟ್ಟು, ಸರದಿಯಂತೆ ಬಡಿಯುತ್ತಾರೆ. ಬೆಣೆ ಕಲ್ಲನ್ನು ಎರಡು ಬದಿಗೂ ದೂಡುತ್ತದೆ. ಎಳೆತಕ್ಕೆ ಸೋತ ಬಂಡೆ ಸಾಲಿನುದ್ದಕ್ಕೂ ಸೀಳುತ್ತದೆ. ಸಿಡಿಮದ್ದಿನ ಹಠಾತ್ ಹೊಡೆತಕ್ಕೆ ಅನೇಕ ಬಿರುಕುಗಳು ಒಮ್ಮೆಗೇ ಹೊರಟು ಕಲ್ಲು ಚೂರಾಗುತ್ತದೆ.

ತರಗತಿಯಲ್ಲಿ ತೋರಿಸಲು ಸೀಮೆಸುಣ್ಣದ ಕಡ್ಡಿ ಸಾಕು. ನೆಟ್ಟಗೆ ನಿಲ್ಲಿಸಿ ಬೆರಳಿನಿಂದ ಒತ್ತಿದರೆ ತಾಳುತ್ತದೆ. ಬಾಗಿಸಿದರೆ ಹಿಗ್ಗಿದ ಮಗ್ಗುಲಿನಿಂದ ಬಿರುಕು ಹೊರಟು ಅಡ್ಡಲಾಗಿ ಮುರಿಯುತ್ತದೆ. ತಿರುಚಿದರೆ ಸುಮಾರು 45 ಡಿಗ್ರಿ ಓರೆಯಲ್ಲಿ ಸುರುಳಿಯಾಗಿ ಮುರಿಯುತ್ತದೆ; ಅಲ್ಲಿಯೂ ಮುರಿಯುವುದು ಎಳೆತವೇ.

ಬಾಗಿದ ಕಡ್ಡಿಯ ಪಾಠ ಕಲ್ಲುಚಪ್ಪಡಿಯ ಮಾಡಿಗೂ ಸಲ್ಲುತ್ತದೆ. ಭಾರ ಮೇಲಿದ್ದರೂ ಬಿರುಕು ಹುಟ್ಟುವುದು ಎರಡು ಆಸರೆಗಳ ನಡುವಿನ ಕೆಳಮೈಯಲ್ಲಿ. ಹಳೆಯ ಮಂಟಪಗಳ ಕಂಬಗಳು ಹತ್ತಿರ ಹತ್ತಿರ ನಿಂತಿರುವುದು ಇದಕ್ಕಾಗಿಯೇ. ಚಪ್ಪಡಿಯ ಅಡಿಯಲ್ಲಿ ಹೊಸ ಗೆರೆ ಕಂಡ ಮಗು ಅಲ್ಲಿ ನಿಲ್ಲದೆ ಹಿರಿಯರಿಗೆ ತಿಳಿಸಿದರೆ ಈ ಪಾಠ ಸಾರ್ಥಕ.